ಕಲಿಯದ ದಾರಿ

ವಾಡಿಯ ರೈಲ್ವೆ ಕ್ವಾರ್ಟರ್ಸಿನ ಆ ಮನೆಯಲ್ಲಿ ದೇವಾನಂದ ಮಲಗಿದ್ದನೆಂದರೆ ಕುಕ್ಕರ್ ಕೂಡ ಸೀಟಿ ಹೊಡೆಯುವಂತಿರಲಿಲ್ಲ. ಒಳಗೆ ಉಗಿ ಏಳುವ ಸದ್ದು ಬಂತೋ ಇಲ್ಲವೋ, ಅವನ ತಾಯಿ ಸುಂದರಮ್ಮ ಎಲ್ಲಿದ್ದರೂ ಓಡಿಬಂದು ಇಕ್ಕಳದಿಂದ ಸೀಟಿಯನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಿದ್ದಳು. ಉಗಿ ಬುಸ್ಸೆಂದು ಹೋಗುತ್ತಿತ್ತು, ಬೇಳೆ ಅರೆಬರೆ ಬೇಯುತ್ತಿತ್ತು, ಆ ಬೇಳೆಯನ್ನೇ ಎಲ್ಲರೂ ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದರು. ದೇವಾನಂದ ಗೂಡ್ಸ್ ಗಾಡಿಯ ಲೋಕೊ ಪೈಲಟ್. ರಾತ್ರಿಯೆಲ್ಲ ಸಿಮೆಂಟಿನ ಗಾಡಿ ಎಳೆದು ಬಂದ ಮಗ ಹಗಲು ಕಣ್ಣು ಮುಚ್ಚದಿದ್ದರೆ ಮರುರಾತ್ರಿ ಕೆಂಪು ಸಿಗ್ನಲ್ ಹಸಿರಾಗಿ ಕಂಡೀತೆಂಬುದು ಸುಂದರಮ್ಮನ ಭಯ. ಭಯ ಸುಳ್ಳೇನಲ್ಲ. ಆದರೆ ಅದರಿಂದಾಗಿ ಇಡೀ ಮನೆ ಪಿಸುಮಾತಿನಲ್ಲಿ ಸಂಸಾರ ಮಾಡುತ್ತಿತ್ತು.

ಹೆಂಡತಿ ಕರುಣಾ ಶಹಾಬಾದಿನ ಶಾಲೆಯೊಂದರಲ್ಲಿ ಟೀಚರ್. ದಿನವೆಲ್ಲ ಮಕ್ಕಳ ಮುಂದೆ ಕೂಗಿ ಬರುತ್ತಿದ್ದವಳಿಗೆ ಮನೆಯ ಮೌನ ಅಷ್ಟೇನೂ ಭಾರವಾಗಿರಲಿಲ್ಲ. ಭಾರವಾದದ್ದು ಮಗಳು ಲುಂಬಿನಿಗೆ. ಎಂಟನೇ ತರಗತಿಯ ಹುಡುಗಿ, ಮಾತಿನ ಮಲ್ಲಿ. ಅವಳ ಗೆಳತಿಯರು ಗೇಟಿನ ಹೊರಗೇ ನಿಂತು ಕೈಸನ್ನೆ ಮಾಡಿ ಹೋಗುತ್ತಿದ್ದರು.

ದೇವಾನಂದನಿಗೆ ಇದಾವುದೂ ಗೊತ್ತಿರಲಿಲ್ಲ. ಮಲಗಿದವನಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಗೊತ್ತಿದ್ದದ್ದು ರೈಲಿನ ಶಿಸ್ತು. ಇಂಜಿನ್ನಿನಲ್ಲಿ ಸಿಗ್ನಲ್ ಕಂಡಾಗ ಒಬ್ಬರು ಅದನ್ನು ಬಾಯಿಬಿಟ್ಟು ಹೇಳಬೇಕು, ಮತ್ತೊಬ್ಬರು ಅದನ್ನೇ ತಿರುಗಿ ಹೇಳಬೇಕು. ಅವನ ಸಹಾಯಕ ಮಶಾಕ "ಹಳದಿ" ಎಂದರೆ ಇವನೂ "ಹಳದಿ" ಎನ್ನಬೇಕು. ಹೇಳಿದ್ದು ಕಿವಿಗೆ ಬಿತ್ತೆಂಬುದಕ್ಕೆ ಅದೇ ಸಾಕ್ಷಿ. ಈ ಚಟವನ್ನು ಅವನು ಮನೆಗೂ ಹೊತ್ತು ತಂದಿದ್ದ. "ಗ್ಯಾಸ್ ಬಂದ್ ಮಾಡು" ಎಂದರೆ ಕರುಣಾ "ಗ್ಯಾಸ್ ಬಂದ್" ಎಂದು ತಿರುಗಿ ಹೇಳುವ ತನಕ ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತಿದ್ದ. ಕರುಣಾ ಮೊದಮೊದಲು ನಕ್ಕಳು, ಆಮೇಲೆ ಸಿಟ್ಟಾದಳು, ಕಡೆಗೆ ಹೇಳಿ ಕೈತೊಳೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಳು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನಾಲ್ವರೂ ಕೂಡಿ ಊಟಕ್ಕೆ ಕುಳಿತಿದ್ದರು. ಅಂಥದ್ದು ತಿಂಗಳಿಗೊಮ್ಮೆ ನಡೆದರೆ ಹೆಚ್ಚು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ದೇವಾನಂದ ಖುಷಿಯಲ್ಲಿದ್ದ. ಮಗಳ ಕಡೆ ಕೈಚಾಚಿ ಮೊಸರು ಕೊಡು ಎಂದ. ಅವಳು ಕೊಟ್ಟಳು, ಬಾಯಿ ಬಿಡಲಿಲ್ಲ. ಕೇಳಿಸಿತೇನು ಎಂದು ಅವನು ಕೇಳಿದ.

"ಕೇಳಿಸ್ತರಿ. ಮೊಸರು ಕೈಯಾಗ ಬಂದದಲ್ಲ. ನಾ ಏನ್ ಮಶಾಕ ಅಂಕಲ್ ಅಲ್ಲ."

ಸುಂದರಮ್ಮ ಮೊಮ್ಮಗಳನ್ನು ಗದರಿದಳು. ಅಪ್ಪ ಮನೆಯಲ್ಲಿ ಇರುವುದೇ ಒಂದು ಗಳಿಗೆ, ಆಗಲೂ ಎದುರು ಮಾತೇ ಎಂದಳು. ಲುಂಬಿನಿ ರೊಟ್ಟಿ ಮುರಿಯುವುದನ್ನು ಬಿಟ್ಟು ಅಪ್ಪನನ್ನೇ ನೋಡಿದಳು.

"ನೀವು ಮನ್ಯಾಗ ಇದ್ದಾಗ ಮಾತಾಡಬಾರದು. ಮಾತಾಡಬಹುದು ಅಂದಾಗ ನೀವು ಇರಂಗಿಲ್ಲ. ಮತ್ತ ನಾ ಯಾವಾಗ ಮಾತಾಡ್ಲಿ ಪಪ್ಪಾ?"

ದೇವಾನಂದನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಹುಡುಗಿ ಉದ್ಧಟತನದಿಂದ ಕೇಳಿದ್ದರೆ ಗದರಬಹುದಿತ್ತು. ಅವಳು ನಿಜವಾಗಿಯೂ ಕೇಳಿದ್ದಳು. ಅವನಿಗೆ ನಾಚಿಕೆಯಾಯಿತು. ಈ ಡಿಸೆಂಬರ್ ರಜೆಯಲ್ಲಿ ಚಿಂಚೋಳಿ ಗುಡ್ಡಕ್ಕೆ ಹೋಗೋಣ, ಇಬ್ಬರೇ ಚೀಲ ಹೊತ್ತುಕೊಂಡು, ರಾತ್ರಿ ಅಲ್ಲೇ ಉಳಿಯೋಣ ಎಂದುಬಿಟ್ಟ.

"ಹೋದ ವರ್ಷಾನೂ ಹಿಂಗೇ ಅಂದಿದ್ರಿ," ಎಂದಳು ಲುಂಬಿನಿ.

ಅಂದಿದ್ದು ನಿಜ. ಹೋದ ವರ್ಷ ಗುಡ್ಡಕ್ಕೆ ಹೊರಡುವ ಮುಂಜಾನೆ ಡ್ಯೂಟಿಯ ಫೋನ್ ಬಂದಿತ್ತು. ಯಾರೋ ಜ್ವರವೆಂದು ಮಲಗಿದ್ದರು, ದೇವಾನಂದ ಇಲ್ಲವೆನ್ನಲಾರದೆ ಹೋಗಿದ್ದ. ಲುಂಬಿನಿ ಅಳಲಿಲ್ಲ, ಹಟ ಮಾಡಲಿಲ್ಲ. ಚೀಲದಿಂದ ಚಾದರ ತೆಗೆದು ಮಡಚಿ ಕಪಾಟಿನಲ್ಲಿಟ್ಟಳು, ಕಟ್ಟಿಕೊಂಡಿದ್ದ ರೊಟ್ಟಿಯನ್ನು ಮಧ್ಯಾಹ್ನ ಮನೆಯಲ್ಲೇ ಉಂಡಳು. ಆಮೇಲೆ ವರ್ಷವಿಡೀ ಗುಡ್ಡದ ಸುದ್ದಿ ಎತ್ತಿರಲಿಲ್ಲ. ಕೇಳುವುದನ್ನೇ ಬಿಟ್ಟಿದ್ದಾಳೆಂದು ಕರುಣಾ ಗಂಡನಿಗೆ ಹೇಳಿದ್ದಳು. ಈ ಸಲವೂ ಮಾತು ತಪ್ಪಿದರೆ ಮಗಳು ಇನ್ನಾವುದನ್ನೂ ಕೇಳಲಿಕ್ಕಿಲ್ಲವೆಂಬುದು ದೇವಾನಂದನಿಗೆ ಅಂದು ಆ ತಾಟಿನ ಮುಂದೆ ಸ್ಪಷ್ಟವಾಯಿತು.

ಸುಂದರಮ್ಮ ಅಷ್ಟಕ್ಕೇ ಬಿಡಲಿಲ್ಲ. ಹುಡುಗಿ ದೊಡ್ಡವಳಾಗಿ ವರ್ಷವೂ ತುಂಬಿಲ್ಲ, ಗುಡ್ಡದಲ್ಲಿ ಹಂದಿ ಇವೆ, ತೋಳ ಇವೆ, ಹಾಗಿರಲಿ, ನಡುವೆ ಮುಟ್ಟಾದರೆ ಗಂಡಸಾದ ನೀನು ಏನು ಮಾಡುತ್ತಿ ಎಂದು ಮಗನನ್ನು ನೇರವಾಗಿ ಕೇಳಿದಳು. ದೇವಾನಂದ ಮೊಸರಿನಲ್ಲಿ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತ ಕುಳಿತ. ಉತ್ತರ ಕೊಟ್ಟವಳು ಲುಂಬಿನಿ, ಅಜ್ಜಿಯ ತವರೂರಿನ ಮಾತೆತ್ತಿ.

"ಆಯಿ, ದಂಡೋತ್ಯಾಗ ಹೊಲ ಕಾಯಾಕ ನೀ ಕಾಗಿಣಾ ಹೊಳಿ ದಂಡಿಗಿ ಮಲಗ್ತಿದ್ದಿ ಅಂತ ಹೇಳ್ತಿದ್ದಿ ಹೌದಿಲ್ಲೋ? ಆಗ ನೀ ಎಷ್ಟು ದೊಡ್ಡಾಕಿ ಇದ್ದಿ?"

"ನಿನ್ನಷ್ಟೇ ಇದ್ದೆ. ನಮ್ಮಪ್ಪ ಇರ್ತಿದ್ದ ಬಾಜೂಕ," ಎಂದು ಸುಂದರಮ್ಮ ಹೇಳಿಬಿಟ್ಟಳು. ಹೇಳಿದ ಮೇಲೆ ಅವಳಿಗೆ ತಾನೇ ಸಿಕ್ಕಿಬಿದ್ದದ್ದು ಗೊತ್ತಾಯಿತು. ಎದ್ದು ತಾಟು ತೊಳೆಯಲು ಹೋದಳು, ಬಹಳ ಹೊತ್ತು ತೊಳೆದಳು.

ಇನ್ನು ದೇವಾನಂದ ಮಾಡಿದ್ದನ್ನು ಹೇಳಬೇಕು. ಬೇರೆ ಯಾರಾದರೂ ಆಗಿದ್ದರೆ ರಜೆ ಹಾಕಿ, ಬಸ್ಸು ಹತ್ತಿ ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಇವನು ರೈಲಿನವನು. ರೈಲಿನಲ್ಲಿ ಒಂದು ನಿಯಮವಿದೆ: ತಾನು ಕಲಿಯದ ದಾರಿಯಲ್ಲಿ ಯಾವ ಡ್ರೈವರನೂ ಗಾಡಿ ಓಡಿಸುವಂತಿಲ್ಲ. ಮೊದಲು ಬೇರೊಬ್ಬನ ಇಂಜಿನ್ನಿನಲ್ಲಿ ನಿಂತು ಆ ದಾರಿಯಲ್ಲಿ ಹೋಗಿ ಬರಬೇಕು, ಹಗಲೂ ನೋಡಬೇಕು, ಕತ್ತಲೆಯಲ್ಲೂ ನೋಡಬೇಕು. ತಿರುವು, ಏರು, ಇಳಿಜಾರು, ಸಿಗ್ನಲ್ ಕಂಬ, ಎಲ್ಲವೂ ಕಣ್ಣಿಗೆ ಕಟ್ಟಿದ ಮೇಲೆ ಈ ದಾರಿ ನನಗೆ ಬಂತು ಎಂದು ಸಹಿ ಹಾಕಬೇಕು. ಆಮೇಲೆಯೇ ಗಾಡಿ ಅವನ ಕೈಗೆ. ಹದಿನೆಂಟು ವರ್ಷ ಹೀಗೆ ದುಡಿದವನಿಗೆ, ತಾನು ಒಮ್ಮೆಯೂ ಕಾಲಿಡದ ಗುಡ್ಡಕ್ಕೆ ಒಬ್ಬಳೇ ಮಗಳನ್ನು ಕರೆದೊಯ್ಯುವುದು ಅಪರಾಧವೆಂದೇ ಅನ್ನಿಸಿತು.

ಹಾಗಾಗಿ ಮುಂದಿನ ರೆಸ್ಟಿನ ದಿನ ಮನೆಯಲ್ಲಿ ಡ್ಯೂಟಿ ಎಂದು ಹೇಳಿ, ಪ್ಯಾಸೆಂಜರ್ ಹತ್ತಿ ಸೇಡಂಗೆ ಹೋದ. ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿ, ಮುಂದೆ ಟಂಟಂ ಆಟೋದಲ್ಲಿ ಗುಡ್ಡದ ಬುಡದ ಲಂಬಾಣಿ ತಾಂಡಾ. ತಾಂಡಾದ ಅನಸುಬಾಯಿ ಎಂಬ ಹೆಂಗಸು ಅವನಿಗೆ ನೀರು ಕೊಟ್ಟು, ದಾರಿ ತೋರಿಸಿ, ಅರಣ್ಯದವರ ಗಡಿ ದಾಟಬೇಡ, ಬೆಂಕಿ ಹಚ್ಚಬೇಡ ಎಂದು ಎರಡು ಮಾತು ಹೇಳಿ ಕಳಿಸಿದಳು. ಬಲಗಡೆಯ ದಾರಿ ಹಿಡಿದು ಏರಿದರೆ ದೊಡ್ಡ ಹಾಸುಗಲ್ಲು. ಅದರ ಮೇಲೆ ನಿಂತರೆ ಸೂರ್ಯ ಮುಳುಗುವುದು ಅಂಗೈಯಲ್ಲಿ ಇಟ್ಟಂತೆ ಕಾಣುತ್ತಿತ್ತು. ದೇವಾನಂದ ದಾರಿಯಲ್ಲಿ ಜಾರುವ ಕಲ್ಲು ಎಲ್ಲಿದೆ, ನೆರಳು ಎಲ್ಲಿದೆ, ಒರತೆ ನೀರು ಎಲ್ಲಿದೆ ಎಂದು ಗಟ್ಟಿಯಾಗಿ ತನಗೆ ತಾನೇ ಹೇಳಿಕೊಳ್ಳುತ್ತ ಹೋದ. ಮುಂದಿನ ರೆಸ್ಟಿನಲ್ಲಿ ಮತ್ತೆ ಹೋದ. ಅದರ ಮುಂದಿನ ಸಲ ಕತ್ತಲಾಗುವ ತನಕ ಕಾದು, ಬ್ಯಾಟರಿ ಹಿಡಿದು ಇಳಿದು ನೋಡಿದ. ಮನೆಗೆ ಬಂದಾಗ ಅವನ ಮುಖದಲ್ಲಿ ಗುಟ್ಟು ಮುಚ್ಚಿಟ್ಟುಕೊಂಡವರ ಕಳೆ ಇರುತ್ತಿತ್ತು.

ಆ ಕಳೆ ಹೆಂಡತಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ಭಾನುವಾರ ಕರುಣಾ ಅವನ ಪ್ಯಾಂಟು ಒಗೆಯಲು ತೆಗೆದಾಗ ಕಾಲಿನ ತುದಿಗೆಲ್ಲ ಹುಲ್ಲಿನ ಮುಳ್ಳು ಹತ್ತಿದ್ದವು. ಅದೇ ಸಂಜೆ ಬಜಾರಿನಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಮಶಾಕ ಎದುರಾದ. ಸಾಹೇಬರ ಆರೋಗ್ಯ ಹೇಗಿದೆ, ಈಚೆಗೆ ರೆಸ್ಟಿನ ದಿನ ಫೋನ್ ಮಾಡಿದರೆ ಹತ್ತುವುದೇ ಇಲ್ಲವಲ್ಲ ಎಂದು ಪಾಪ ಒಳ್ಳೆಯ ಮನಸ್ಸಿನಿಂದಲೇ ವಿಚಾರಿಸಿದ. ಕರುಣಾ ಬದನೆಕಾಯಿಯನ್ನು ಬುಟ್ಟಿಗೆ ವಾಪಸು ಹಾಕಿ ಸೀದಾ ಮನೆಗೆ ಬಂದಳು.

ದೇವಾನಂದ ಎದ್ದು ಚಹಾ ಕುಡಿಯುತ್ತಿದ್ದ. ಅವಳು ಪ್ಯಾಂಟನ್ನು ಅವನ ಮುಂದೆ ಹಿಡಿದಳು.

"ಇಂಜಿನ್ಯಾಗ ಹುಲ್ಲು ಬೆಳದದೇನ್ರಿ?"

ಅವನು ಏನೋ ಹೇಳಹೋಗಿ ತೊದಲಿದ. ಲೈನಿನ ಬದಿಯಲ್ಲಿ ಇಳಿದಿದ್ದೆ ಎಂದ, ಗಾಡಿ ನಿಂತಿತ್ತು ಎಂದ. ಮಶಾಕನ ಹೆಸರು ಬಂದ ಕೂಡಲೇ ಲೋಟ ತೊಳೆಯಲು ಎದ್ದುಹೋದ. ಕರುಣಾ ಹೆಚ್ಚು ಕೂಗಾಡುವವಳಲ್ಲ. ಅಂದು ರಾತ್ರಿ ತಾಟು ಇಟ್ಟು ಬಡಿಸಿ, ತಾನು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತಳು. ಮರುದಿನವೂ ಹಾಗೇ. ಡ್ಯೂಟಿಗೆ ಕಟ್ಟಿಕೊಟ್ಟ ಡಬ್ಬಿಯಲ್ಲಿ ರೊಟ್ಟಿ ಇತ್ತು, ಪಲ್ಯ ಇತ್ತು, ಅವಳು ಯಾವಾಗಲೂ ಇಡುತ್ತಿದ್ದ ಉಳ್ಳಾಗಡ್ಡಿ ಮಾತ್ರ ಇರಲಿಲ್ಲ. ಸುಂದರಮ್ಮ ಬೆಳಗಿನ ಬುದ್ಧವಂದನೆ ಮುಗಿಸಿ ಮಗನ ಕಡೆ ಒಮ್ಮೆ, ಸೊಸೆಯ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಪಿಸುಮಾತಿನ ಮನೆಯಲ್ಲಿ ಈಗ ಪಿಸುಮಾತೂ ನಿಂತಿತು.

ವಾರ ತುಂಬುವುದರೊಳಗೆ ದೇವಾನಂದನಿಗೆ ತಡೆಯಲಾಗಲಿಲ್ಲ. ಲುಂಬಿನಿ ಟ್ಯೂಷನ್ನಿಗೆ ಹೋದ ಹೊತ್ತು ನೋಡಿ ಹೆಂಡತಿಯ ಮುಂದೆಯೂ ತಾಯಿಯ ಮುಂದೆಯೂ ಎಲ್ಲವನ್ನೂ ಒಪ್ಪಿಸಿದ. ಗುಡ್ಡ, ಹಾಸುಗಲ್ಲು, ಒರತೆ, ಅನಸುಬಾಯಿ. ಕರುಣಾ ಮೊದಲು ನಂಬಲಿಲ್ಲ. ನಂಬಿದ ಮೇಲೆ ನಗು ತಡೆಯದೆ ಗೋಡೆಗೆ ಒರಗಿದಳು.

"ಗುಡ್ಡಾ ಹತ್ತಾಕೂ ಟ್ರೇನಿಂಗ್ ತಗೊಂಡ್ರೇನ್ರಿ! ಆಕಿಗಿ ಹೇಳ್ರಿ, ಆಕಿನೂ ನಗಲಿ ಜರಾ."

ಬೇಡ, ಅಲ್ಲಿಗೆ ಹೋದ ಮೇಲೆ ತಿಳಿಯಲಿ, ಖುಷಿಯಾಗುತ್ತಾಳೆ ಎಂದ ದೇವಾನಂದ. ಕರುಣಾ ಏನೋ ಹೇಳಲು ಹೋಗಿ ಸುಮ್ಮನಾದಳು. ಮಗಳನ್ನು ಅವನಿಗಿಂತ ಹೆಚ್ಚು ಬಲ್ಲವಳು ಅವಳು. ಆದರೂ ಇಷ್ಟು ಕಷ್ಟಪಟ್ಟವನ ಉತ್ಸಾಹಕ್ಕೆ ನೀರೆರಚಲು ಮನಸ್ಸು ಬರಲಿಲ್ಲ. ಅಂದಿನ ಡಬ್ಬಿಗೆ ಎರಡು ಉಳ್ಳಾಗಡ್ಡಿ ಬಿದ್ದವು.

ಹೊರಡುವ ಹಿಂದಿನ ದಿನ ಸುಂದರಮ್ಮ ತಾನೇ ಒಲೆಯ ಮುಂದೆ ಕುಳಿತು ದಿನಗಟ್ಟಲೆ ಕೆಡದ ಕಟಿರೊಟ್ಟಿ ಬಡಿದಳು. ಸೊಸೆಗೆ ಬಿಟ್ಟುಕೊಡಲಿಲ್ಲ. ಹಿಂಡಿಯ ಪೊಟ್ಟಣ, ಬೆಲ್ಲ, ಕುದಿಸಿದ ತತ್ತಿ, ಎಲ್ಲ ಕಟ್ಟಿದ ಮೇಲೆ ಮೊಮ್ಮಗಳ ಚೀಲದ ತಳದಲ್ಲಿ ಕಾಗದ ಸುತ್ತಿದ ಪುಡಿಕೆಯೊಂದನ್ನು ಇಟ್ಟಳು. ಅದೇನೆಂದು ದೇವಾನಂದ ಕೇಳಿದ. ಗಂಡಸಾದ ನಿನಗೇಕೆ, ಹುಡುಗಿಗೆ ಬೇಕಾದೀತು ಎಂದಳು. ಅವನಿಗೆ ಅರ್ಥವಾಯಿತು, ಕಿವಿ ಕೆಂಪಾದವು. ಆದರೆ ಈ ಸಲ ಮುಖ ತಿರುಗಿಸದೆ, ಬೇಕಾದರೆ ನನಗೆ ಹೇಳು, ನಾಚಿಕೆ ಬೇಡ ಎಂದು ಮಗಳಿಗೆ ಅಂದ. ಲುಂಬಿನಿ ಹೂಂ ಎಂದಳು.

ಮುಂಜಾನೆ ಪ್ಯಾಸೆಂಜರಿನಲ್ಲಿ ಲುಂಬಿನಿ ಕಿಟಕಿಯ ಪಕ್ಕ ಕುಳಿತಳು. ಚಿತ್ತಾಪುರ ಕಳೆಯಿತು, ಮಳಖೇಡ ಕಳೆಯಿತು. ಅಪ್ಪನ ಫೋನು ಅವನ ಜೇಬಿನಲ್ಲಿತ್ತು, ಹುಡುಗಿಯ ಕಣ್ಣು ಆ ಜೇಬಿನ ಮೇಲೇ ಇತ್ತು. ಸೇಡಂನಲ್ಲಿ ಚಿಂಚೋಳಿ ಬಸ್ಸಿಗೆ ಕಾಯುತ್ತಿದ್ದಾಗ ಫೋನು ಬಡಿದುಕೊಂಡಿತು. ಲುಂಬಿನಿ ಹೆಗಲಿನಿಂದ ಚೀಲ ಇಳಿಸಿ ಕಾಲ ಬಳಿ ಇಟ್ಟಳು, ಅಷ್ಟೇ. ದೇವಾನಂದ ಅವಳ ಮುಖ ನೋಡುತ್ತಲೇ ಫೋನ್ ಎತ್ತಿದ. ಫೋನಿನಲ್ಲಿ ಇದ್ದವಳು ಸುಂದರಮ್ಮ. ತತ್ತಿಯನ್ನು ಮಧ್ಯಾಹ್ನವೇ ತಿಂದುಬಿಡಿ, ಸಂಜೆಗೆ ಇಡಬೇಡಿ ಎಂದು ಹೇಳಲು ಮಾಡಿದ್ದಳು. ದೇವಾನಂದ ಅದನ್ನು ಹಾಗೇ ತಿರುಗಿ ಹೇಳಿ, ಮಗಳ ಎದುರಿಗೇ ಫೋನನ್ನು ಬಂದ್ ಮಾಡಿ ತನ್ನ ಚೀಲದ ತಳಕ್ಕೆ ತುರುಕಿದ. ಲುಂಬಿನಿ ಚೀಲ ಮತ್ತೆ ಹೆಗಲಿಗೇರಿಸಿಕೊಂಡಳು. ಬಸ್ಸಿನಲ್ಲಿ ಚಿಂಚೋಳಿಯ ತನಕ ಒಂದೇ ಸಮನೆ ಮಾತಾಡಿದಳು. ಶಾಲೆಯ ಖೋಖೋ ತಂಡಕ್ಕೆ ತನ್ನನ್ನು ಆರಿಸಿದ್ದಾರಂತೆ, ಅಭ್ಯಾಸ ಮಧ್ಯಾಹ್ನ ಶಾಲೆಯ ಮೈದಾನದಲ್ಲಿ, ಅಲ್ಲಿ ಬೇಕಾದಷ್ಟು ಕೂಗಾಡಬಹುದಂತೆ. ಮಗಳು ಖೋಖೋ ಆಡುವುದು ದೇವಾನಂದನಿಗೆ ಅಂದೇ ಗೊತ್ತಾದದ್ದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ತಾಂಡಾ ಸೇರಿದರು. ಅನಸುಬಾಯಿ ಅಂಗಳದಲ್ಲಿ ತೊಗರಿ ಕಟ್ಟು ಬಿಚ್ಚುತ್ತಿದ್ದವಳು ಇವರನ್ನು ಕಂಡು ಎದ್ದು ಬಂದಳು.

"ಮತ್ತ ಬಂದೆ ಏನಪ್ಪ ರೈಲಿನವ? ಈ ಸಲ ಮಗಳನ್ನೂ ಕರಕೊಂಡ್ ಬಂದಿ, ಚಲೋ ಆತು. ಮೂರು ಸಲ ಒಬ್ಬನೇ ಬಂದು ಕಲ್ಲಿನ ಕೂಡ ಮಾತಾಡ್ಕೋತ ಹೋಗ್ತಿದ್ದ, ನಾ ತಲಿ ಕೆಟ್ಟದ ಅಂತ ತಿಳಕೊಂಡಿದ್ದೆ ಖರೆ."

ದೇವಾನಂದ ಇದೇ ಗಳಿಗೆಗಾಗಿ ಕಾದಿದ್ದ. ಮಗಳ ಕಡೆ ತಿರುಗಿ ನಗುತ್ತ, ದಾರಿಯೆಲ್ಲ ಕಲಿತಿಟ್ಟಿದ್ದೇನೆ, ನಿನಗೆ ಒಂದು ಮುಳ್ಳೂ ಚುಚ್ಚದ ಹಾಗೆ ಕರೆದೊಯ್ಯುತ್ತೇನೆ ಎಂದ. ಲುಂಬಿನಿ ನಗಲಿಲ್ಲ. ಅನಸುಬಾಯಿ ಕೊಟ್ಟ ನೀರು ಕುಡಿದು ತಂಬಿಗೆ ವಾಪಸು ಕೊಟ್ಟಳು. ಹೊರಡುವಾಗ ಅನಸುಬಾಯಿ, ಬಲಗಡೆ ಹಾಸುಗಲ್ಲಿನ ದಾರಿ, ಎಡಗಡೆಯದು ಮೇಲಿನ ನಮ್ಮ ಜೋಳದ ಹೊಲಕ್ಕೆ ಹೋಗುತ್ತದೆ, ಅಲ್ಲಿ ಕಾವಲಿನ ಗುಡಿಸಲೂ ಇದೆ, ನನ್ನ ತಮ್ಮ ಈ ವಾರ ಊರಲ್ಲಿಲ್ಲ, ಬೇಕಾದರೆ ಅಲ್ಲೇ ಮಲಗಿ ಎಂದಳು. ಹಾಸುಗಲ್ಲಿನ ಬದಿಯಲ್ಲಿ ಮಲಗುವ ಜಾಗ ನೋಡಿಟ್ಟಿದ್ದೇನೆ ಎಂದ ದೇವಾನಂದ.

ಏರು ಶುರುವಾಯಿತು. ದೇವಾನಂದ ಮುಂದೆ, ಲುಂಬಿನಿ ಹಿಂದೆ. ಅವನಿಗೆ ಉತ್ಸಾಹವೋ ಉತ್ಸಾಹ. ಇಲ್ಲಿ ಕಲ್ಲು ಜಾರುತ್ತದೆ ಎಂದ. ಆ ಮರದ ಕೆಳಗೆ ಕುಳಿತುಕೊಳ್ಳೋಣ, ಇನ್ನು ಸ್ವಲ್ಪ ಹೋದರೆ ಒರತೆ, ಅಲ್ಲಿ ಒಂದು ನೀಲಿ ಹಕ್ಕಿ ಬರುತ್ತದೆ ಎಂದ. ಸೂರ್ಯ ಮುಳುಗುವಾಗ ಹೇಗೆ ಕಾಣುತ್ತದೆಂದು ಸೂರ್ಯ ಮುಳುಗುವ ಮೊದಲೇ ವರ್ಣಿಸಿದ. ಒರತೆ ಬಂತು, ಹಕ್ಕಿಯೂ ಬಂತು. ದಾರಿ ಎರಡಾಗಿ ಒಡೆಯುವಲ್ಲಿ ಹಿಂದಿರುಗಿ ನೋಡಿದರೆ ಲುಂಬಿನಿ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟಿದ್ದಳು.

ದಣಿವಾಯಿತೇ ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿದಳು. ಕಾಲು ನೋವೇ, ಹಸಿವೇ, ಆಯಿ ಹೇಳಿದಂಥದ್ದೇನಾದರೂ ಆಯಿತೇ ಎಂದ. ಎಲ್ಲಕ್ಕೂ ಇಲ್ಲ.

"ಆ ಮೂರು ದಿನ ನಿಮಗ ರೆಸ್ಟ್ ಇತ್ತು ಹೌದಿಲ್ಲೋ ಪಪ್ಪಾ?" ಎಂದು ಕೇಳಿದಳು ಕಡೆಗೆ. ಅವನು ಹೌದೆಂದ.

"ನಾನೂ ಮನ್ಯಾಗೇ ಇದ್ದೆ. ಒಂದು ದಿನ ಐತವಾರ ಇತ್ತು, ಸಾಲಿ ಇರಲಿಲ್ಲ. ಪಪ್ಪಾಗ ಡ್ಯೂಟಿ ಅಂತ ತಿಳಕೊಂಡು ಸುಮ್ಮ ಕುಂತಿದ್ದೆ. ನೀವು ಇಲ್ಲಿ ಬಂದು ಕಲ್ಲಿನ ಕೂಡ ಮಾತಾಡಾಕತ್ತಿದ್ರಿ."

ದೇವಾನಂದ ಹೆಗಲಿನ ಚೀಲ ಕೆಳಗಿಳಿಸಿದ.

"ನಾವಿಬ್ರೂ ಕೂಡಿ ಮೊದಲ್ನೇ ಸಲ ನೋಡ್ತೀವಿ ಅನ್ಕೊಂಡಿದ್ದೆ. ನೀವು ಎಲ್ಲಾ ನೋಡಿಬಿಟ್ಟೀರಿ. ಈಗ ನಾ ಬರೇ ಗಾಡಿ ಹಿಂದಿನ ಡಬ್ಬಿ." ಅವಳ ಕಣ್ಣು ತುಂಬಿದ್ದವು. ಹೋದ ವರ್ಷ ಅಳದಿದ್ದ ಹುಡುಗಿ ಈಗ ಅಂಗೈಯಿಂದ ಮೂಗು ಒರೆಸಿಕೊಂಡಳು.

ಎಷ್ಟು ಸರಳವಾದ ಲೆಕ್ಕವಿದು! ಬೇಕಾಗಿದ್ದದ್ದು ಮಗಳೊಡನೆ ಒಂದು ದಿನ. ಅದನ್ನು ಚಂದ ಮಾಡಲೆಂದು ಅವನು ಮೂರು ದಿನ ಮಗಳಿಲ್ಲದೆ ಕಳೆದಿದ್ದ. ಹೆಂಡತಿ ಅಂದು ಹೇಳಲು ಹೋಗಿ ನುಂಗಿಕೊಂಡದ್ದೂ ಇದನ್ನೇ ಎಂದು ಈಗ ಹೊಳೆಯಿತು. ದೇವಾನಂದ ಅವಳ ಎದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ. ತಾನು ಮಾಡಿದ್ದಕ್ಕೆ ಕಾರಣ ಹೇಳಬೇಕೆನ್ನಿಸಿತು, ನಿಯಮ, ಸುರಕ್ಷತೆ, ಕಾಡು, ಹೆಣ್ಣುಮಗು. ಯಾವುದನ್ನೂ ಹೇಳಲಿಲ್ಲ.

"ತಪ್ಪಾತು ಲುಂಬಿ. ಭಾಳ ದೊಡ್ಡ ತಪ್ಪಾತು," ಎಂದ.

ಬಿಸಿಲು ಇಳಿಯತೊಡಗಿತ್ತು. ದೇವಾನಂದ ಬಲಗಡೆಯ ದಾರಿಯನ್ನು ನೋಡಿದ. ಅದರ ಒಂದೊಂದು ಕಲ್ಲೂ ಅವನಿಗೆ ಪರಿಚಯ. ಎಡಗಡೆಯ ದಾರಿ ಒಣಹುಲ್ಲಿನ ನಡುವೆ ತಿರುಗಿ ಮರೆಯಾಗುತ್ತಿತ್ತು. ಅದರ ಮೇಲೆ ಅವನ ಹೆಜ್ಜೆ ಬಿದ್ದಿರಲಿಲ್ಲ.

"ಈ ಕಡೀ ನಾ ಹೋಗಿಲ್ಲ," ಎಂದ, ಎಡಕ್ಕೆ ಕೈ ತೋರಿಸಿ.

"ಖರೆ?"

"ಖರೆ. ಅನಸುಬಾಯಿಯ ಹೊಲ ಅದ ಅಂತ ಗೊತ್ತು. ಎಷ್ಟು ದೂರ, ಹೆಂಗದ, ನನಗೇನೂ ಗೊತ್ತಿಲ್ಲ."

ಲುಂಬಿನಿ ಎದ್ದು ನಿಂತು ಚೀಲದ ಪಟ್ಟಿ ಬಿಗಿದುಕೊಂಡಳು. "ಹಂಗಾದ್ರ ನಾ ಮುಂದ. ನೀವು ಹಿಂದ ಬರ್ರಿ."

ಹದಿನೆಂಟು ವರ್ಷದಲ್ಲಿ ಮೊದಲ ಸಲ ದೇವಾನಂದ ಕಲಿಯದ ದಾರಿ ಹಿಡಿದ. ಅವನಿಗೆ ಹೆದರಿಕೆಯಾಗದೆ ಇರಲಿಲ್ಲ. ಹುಲ್ಲು ಎದೆಮಟ್ಟ ಬೆಳೆದಿತ್ತು, ಕಾಲಡಿ ಏನಿದೆಯೆಂದು ಕಾಣುತ್ತಿರಲಿಲ್ಲ. ನಾಲಿಗೆಯ ತುದಿಗೆ ಹತ್ತು ಎಚ್ಚರಿಕೆ ಬಂದವು, ಹತ್ತನ್ನೂ ನುಂಗಿದ. ಸ್ವಲ್ಪ ಹೋದ ಮೇಲೆ ಮುಂದಿನಿಂದ ಮಗಳ ದನಿ ಬಂತು.

"ಎಡಕ್ಕ ಮುಳ್ಳು."

ಅವನು ಮುಳ್ಳಿನಿಂದ ಸರಿದು ನಡೆದ. ಅವಳು ನಿಂತಳು, ತಿರುಗಿದಳು.

"ಕೇಳಿಸ್ತೇನ್ರಿ?"

ದೇವಾನಂದ ನಿಂತಲ್ಲೇ ನಕ್ಕ. "ಎಡಕ್ಕ ಮುಳ್ಳು," ಎಂದು ಗಟ್ಟಿಯಾಗಿ ಹೇಳಿದ.

ಆಮೇಲೆ ಗುಡ್ಡವೆಲ್ಲ ಅದೇ ಆಯಿತು. ಬಲಕ್ಕೆ ತಗ್ಗು ಎಂದರೆ ಬಲಕ್ಕೆ ತಗ್ಗು, ಮೇಲೆ ಟೊಂಗೆ ಎಂದರೆ ಮೇಲೆ ಟೊಂಗೆ. ಒಂದೆಡೆ ಅವಳು "ಮುಂದ ಹುಲಿ" ಎಂದಳು. ಇವನು ನಿಯಮದ ಮನುಷ್ಯ, "ಮುಂದ ಹುಲಿ" ಎಂದು ಹೇಳಿಯೇ ಆಮೇಲೆ ಬೆಚ್ಚಿದ. ಲುಂಬಿನಿ ಬಿದ್ದು ಬಿದ್ದು ನಕ್ಕಳು. ಈ ನಡುವೆ ಎರಡು ಸಲ ದಾರಿ ತಪ್ಪಿದರು, ಒಂದು ಕಡೆ ಮುಳ್ಳುಬೇಲಿಗೆ ಬಂದು ನಿಂತು ಹಿಂದಿರುಗಿದರು. ಹೊಲ ಸಿಕ್ಕಾಗ ಸೂರ್ಯ ಮರದ ಸಾಲಿನ ಹಿಂದೆ ಆಗಲೇ ಇಳಿದಾಗಿತ್ತು. ಮುಳುಗುವುದು ಇಬ್ಬರಿಗೂ ಕಾಣಲಿಲ್ಲ. ಅದರ ಬಗ್ಗೆ ಲುಂಬಿನಿ ಚಕಾರ ಎತ್ತಲಿಲ್ಲ.

ಗುಡಿಸಲಿನ ಮುಂದೆ ಕುಳಿತು ಕಟಿರೊಟ್ಟಿ, ಹಿಂಡಿ, ಬೆಲ್ಲ ತಿಂದರು. ಅನಸುಬಾಯಿಯ ಮಾತಿನಂತೆ ಬೆಂಕಿ ಹಚ್ಚಲಿಲ್ಲ. ಥಂಡಿ ಜೋರಾಗಿತ್ತು, ಒಂದೇ ಚಾದರ ಇಬ್ಬರೂ ಹೊದ್ದುಕೊಂಡರು. ದೂರ ದಕ್ಷಿಣದಲ್ಲಿ ಆಕಾಶದ ಅಂಚು ಬೆಳ್ಳಗೆ ಬೆಳಗುತ್ತಿತ್ತು. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ದೀಪಗಳಿರಬೇಕು ಎಂದ ದೇವಾನಂದ. ಇರಬೇಕು ಎಂದನೇ ಹೊರತು ಹೌದು ಎನ್ನಲಿಲ್ಲ. ಲುಂಬಿನಿ ಮಾತಾಡತೊಡಗಿದಳು. ಖೋಖೋ, ಗಣಿತದ ಸರ್, ಮಾತು ಬಿಟ್ಟ ಗೆಳತಿ, ಗೇಟಿನಾಚೆ ನಿಂತು ಕೈಸನ್ನೆ ಮಾಡುವ ಗೆಳತಿಯರು, ಆಯಿ ಇಕ್ಕಳ ಹಿಡಿದು ಓಡುವುದು. ದೇವಾನಂದ ಕೇಳಿದ. ಕುಕ್ಕರಿನ ಕತೆಗೆ ನಕ್ಕ, ಆಮೇಲೆ ನಗು ನಿಂತಿತು. ತನ್ನ ನಿದ್ದೆಗೆ ಮನೆ ಏನೇನು ಕೊಟ್ಟಿತ್ತೆಂದು ಅವನಿಗೆ ಅಂದು ತಿಳಿಯಿತು. ಅವಳ ಮಾತು ಮುಗಿಯಿತೋ ಅವನಿಗೆ ನಿದ್ದೆ ಬಂತೋ, ಯಾವುದು ಮೊದಲೆಂದು ನೆನಪಿಲ್ಲ.

"ಪಪ್ಪಾ. ಪಪ್ಪಾ, ಏಳ್ರಿ."

ಯಾರೋ ಭುಜ ಹಿಡಿದು ಅಲುಗಿಸುತ್ತಿದ್ದರು. ದೇವಾನಂದನ ಕೈ ರೂಢಿಯಂತೆ ಫೋನಿಗಾಗಿ ತಡಕಾಡಿತು. ಈ ಹುಡುಗಿ ಹುಟ್ಟಿದ ಮೇಲೆ ಒಮ್ಮೆಯೂ ಅವನನ್ನು ಎಬ್ಬಿಸಿರಲಿಲ್ಲ. ಆ ಮನೆಯಲ್ಲಿ ಅವನನ್ನು ಎಬ್ಬಿಸುವ ಹಕ್ಕು ರೈಲಿಗೆ ಮಾತ್ರ ಇತ್ತು. ಕಣ್ಣು ಬಿಟ್ಟರೆ ಬೆಳಕಾಗುತ್ತಿತ್ತು. ಜೋಳದ ಹೊಲದ ಆಚೆ ಅಂಚಿನಲ್ಲಿ ನವಿಲುಗಳ ಒಂದು ಹಿಂಡೇ ಇಳಿದು, ಇಬ್ಬನಿಯಲ್ಲಿ ಕಾಲೆತ್ತಿ ಕಾಲೆತ್ತಿ ನಡೆಯುತ್ತಿತ್ತು. ಇಬ್ಬರೂ ಚಾದರದೊಳಗಿಂದ ತಲೆ ಮಾತ್ರ ಹೊರಗಿಟ್ಟು ನೋಡಿದರು. ಇದು ನಿಮಗೆ ಗೊತ್ತಿತ್ತೇ ಎಂದು ಲುಂಬಿನಿ ಪಿಸುಗುಟ್ಟಿದಳು. ಇಲ್ಲ ಎಂದ. ಅವಳಿಗೆ ಅಷ್ಟು ಸಾಕಾಯಿತು.

ವಾಡಿಗೆ ಮರಳಿದ ಮೇಲೆ ಎಲ್ಲವೂ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಡ್ಯೂಟಿ ಅದೇ, ಹಗಲು ನಿದ್ದೆಯೂ ಅದೇ. ದೇವಾನಂದ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುವುದನ್ನು ಕಲಿತ. ಕುಕ್ಕರ್ ಸೀಟಿ ಹೊಡೆಯಲಿ ಎಂದು ತಾಯಿಗೆ ಹೇಳಿದ. ಸುಂದರಮ್ಮ ತಲೆಯಾಡಿಸಿದಳು, ಇಕ್ಕಳವನ್ನು ಮಾತ್ರ ಕೈಯಳತೆಯಲ್ಲೇ ಇಟ್ಟುಕೊಂಡಳು. ಮೊದಲ ಸೀಟಿ ಬಿಡುತ್ತಿದ್ದಳು, ಎರಡನೆಯದಕ್ಕೆ ಮನಸ್ಸು ತಡೆಯುತ್ತಿರಲಿಲ್ಲ. ಬೇಳೆ ಮೊದಲಿಗಿಂತ ಚೆನ್ನಾಗಿ ಬೇಯುತ್ತಿದೆ ಎಂದು ಕರುಣಾ ಅಂದಳು.

ಜನವರಿಯ ಒಂದು ಮಧ್ಯಾಹ್ನ ಲುಂಬಿನಿ ಶಾಲೆಯಿಂದ ಬಂದಾಗ ಆಯಿ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟಳು. ಅಪ್ಪ ಈಗಷ್ಟೇ ಊಟ ಮುಗಿಸಿ ಮಲಗಿದ್ದಾನೆ, ಸಂಜೆಗೆ ಮತ್ತೆ ಡ್ಯೂಟಿ. ಲುಂಬಿನಿ ಚಪ್ಪಲಿ ಕಳಚಿ, ಆಯಿಯನ್ನು ದಾಟಿ ಸೀದಾ ಒಳಗೆ ಹೋದಳು. ಸುಂದರಮ್ಮ ಹಿಂದೆಯೇ ಬಂದಳು, ಆದರೆ ಹೊಸ್ತಿಲಲ್ಲಿ ನಿಂತುಬಿಟ್ಟಳು. ಹುಡುಗಿ ಅಪ್ಪನ ಕಿವಿಯ ಹತ್ತಿ ತೆಗೆದು ಭುಜ ಅಲುಗಿಸಿದಳು.

"ಪಪ್ಪಾ, ಮಳಖೇಡದ ಕೋಟಿ ನೋಡೀರೇನು?"

ದೇವಾನಂದ ಅರೆಗಣ್ಣು ಬಿಟ್ಟ. ಮಳಖೇಡದ ಮೇಲೆ ಎಷ್ಟು ಸಲ ಹೋಗಿದ್ದಾನೋ ಲೆಕ್ಕವಿಲ್ಲ. ನೋಡಿದ್ದು ಸಿಗ್ನಲ್ ಮಾತ್ರ, ಕೋಟೆಯನ್ನಲ್ಲ.

"ಇಲ್ಲ," ಎಂದ.

"ಹಂಗಾದ್ರ ಒಬ್ರೇ ಹೋಗಬ್ಯಾಡ್ರಿ. ಕೂಡಿ ಹೋಗೂಣು." ಅವಳು ಏಳಲಿಲ್ಲ, ಅವನ ಬಾಯನ್ನೇ ನೋಡುತ್ತ ಹಾಸಿಗೆಯ ಅಂಚಿನಲ್ಲಿ ಕಾದು ಕುಳಿತಳು.

"ಕೂಡಿ ಹೋಗೂಣು," ಎಂದ ದೇವಾನಂದ. ಅವಳು ಹತ್ತಿಯನ್ನು ತಿರುಗಿ ಅವನ ಕಿವಿಗಿಟ್ಟು ಹೊರಗೆ ಹೋದಳು.